ನಡೆಯದೇ ಹೋದದ್ದರ ಲೆಕ್ಕ

ಕರಾವಳಿಯ ಒಂದು ಊರಿನಲ್ಲಿ, ಕಾನೂನು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಟಿಪ್ಪಣಿ ನೋಡಿಕೊಂಡು ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯ ಕೊನೆಯಲ್ಲಿ ನಡೆದದ್ದನ್ನು ಮಾತ್ರ ತಿದ್ದಿಲ್ಲ.

ಹಂಪಿಗೆ ಹೋಗಿ ವಿಠ್ಠಲನ ಗುಡಿಯ ಕಲ್ಲಿನ ತೇರಿನ ಮುಂದೆ ನಿಂತ ಕನ್ನಡಿಗರ ಬಾಯಲ್ಲಿ ಒಂದಲ್ಲ ಒಂದು ಸಲ ಬರುವ ಮಾತು ನಿಮಗೆಲ್ಲ ಗೊತ್ತು: ‘ತಾಳಿಕೋಟೆಯಲ್ಲಿ ನಾವು ಗೆದ್ದಿದ್ದರೆ!’ ನಾನೂ ಹೇಳಿದ್ದೇನೆ, ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡು. 1565ರಲ್ಲಿ ರಾಮರಾಯ ಶತ್ರುವಿನ ಕೈಗೆ ಸಿಗದಿದ್ದರೆ ಏನಾಗುತ್ತಿತ್ತು ಎಂದು ಬೆಳಿಗ್ಗೆ ಶುರುವಾದ ಮಾತು ಮಧ್ಯಾಹ್ನದ ಊಟದ ಹೊತ್ತಿಗೆ ‘ಬ್ರಿಟಿಷರು ಬರುತ್ತಲೇ ಇರಲಿಲ್ಲ’ ಎನ್ನುವಲ್ಲಿಗೆ ಮುಟ್ಟಿರುತ್ತದೆ. ನಮ್ಮ ಅಜ್ಜಿಯ ಬಳಿ ಇಂಥ ಮಾತಿಗೆಲ್ಲ ಒಂದೇ ಉತ್ತರವಿತ್ತು: ಅತ್ತೆಗೆ ಮೀಸೆ ಬಂದಿದ್ದರೆ ಮಾವ ಅನ್ನಬಹುದಿತ್ತು.

ಅಜ್ಜಿಯ ಮಾತನ್ನು ಅರ್ಧ ಒಪ್ಪಿಕೊಂಡೇ ಇವತ್ತು ಮಾತನಾಡುತ್ತೇನೆ. ನಡೆಯದ ಚರಿತ್ರೆಯನ್ನು ಊಹಿಸುವುದು ತಪ್ಪಲ್ಲ, ಲೆಕ್ಕ ಇಡದೆ ಊಹಿಸುವುದು ತಪ್ಪು. ಆ ಕಾಲದವರ ಕೈಯಲ್ಲಿ ನಿಜಕ್ಕೂ ಇದ್ದ, ಹೀಗೂ ಹಾಗೂ ಆಗಬಹುದಾಗಿದ್ದ ಒಂದೇ ಒಂದು ಸಂಗತಿಯನ್ನು ಬದಲಿಸಬೇಕು. ಬದಲಿಸಿದ ಮೇಲೆ ಹಾರಬಾರದು. ಕ್ಯಾಲೆಂಡರಿನ ಹಾಳೆಯನ್ನು ಒಂದೊಂದಾಗಿ ತಿರುವುತ್ತಾ ನಡೆಯಬೇಕು. ಯಾರಿಗೆ ಯಾವಾಗ ಅರವತ್ತೈದು ತುಂಬಿತು, ಪೀಠದಲ್ಲಿ ಎಷ್ಟು ಜನ ಕುಳಿತಿದ್ದರು, ಯಾವ ನಿಯಮ ಜಾರಿಯಲ್ಲಿತ್ತು ಎಂಬ ಸಣ್ಣ ಲೆಕ್ಕಗಳನ್ನು ಇಟ್ಟುಕೊಂಡು ಹೊರಟರೆ, ಎಲ್ಲರೂ ಬೆರಳು ಮಾಡಿ ತೋರಿಸುವ ತಿರುವುಗಳಲ್ಲಿ ಕೆಲವು ತಿರುವೇ ಅಲ್ಲ ಎಂದು ಗೊತ್ತಾಗುತ್ತದೆ. ಯಾರೂ ಗಮನಿಸದ ಒಂದು ಹುಟ್ಟಿದ ತಾರೀಕು ದೊಡ್ಡ ತಿರುವಾಗಿ ಕುಳಿತಿರುತ್ತದೆ.

ದೂರದ ಉದಾಹರಣೆ ಬೇಡ. ಇಲ್ಲಿಂದ ಬಡಗಲಿಗೋ ತೆಂಕಲಿಗೋ ಅರ್ಧ ದಿನದ ಬಸ್ ಪ್ರಯಾಣದೊಳಗೆ ಸಿಗುವ ಒಂದು ಮಠದಿಂದಲೇ ಶುರು ಮಾಡೋಣ.

ಕಾಸರಗೋಡಿನ ಹತ್ತಿರದ ಎಡನೀರು ಮಠವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಮಳೆಗಾಲ ಮುಗಿದ ಮೇಲೆ ಅಲ್ಲಿ ತಾಳಮದ್ದಳೆಯೋ ಯಕ್ಷಗಾನವೋ ನಡೆದಾಗ ಹೋದವರೂ ಇರಬಹುದು. ಆ ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಸ್ವತಃ ಹಾಡುತ್ತಿದ್ದವರು, ಯಕ್ಷಗಾನದ ಪೋಷಕರು. 1970ರ ಮಾರ್ಚಿನಲ್ಲಿ, ಇನ್ನೂ ಮೂವತ್ತು ತುಂಬದ ಪ್ರಾಯದಲ್ಲಿ, ಅವರು ಸುಪ್ರೀಂ ಕೋರ್ಟಿಗೆ ಒಂದು ಅರ್ಜಿ ಹಾಕಿದರು. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಭೂಮಿ ಕೈಬಿಡುತ್ತದೆ ಎಂಬುದು ಅವರ ದೂರು. ಆ ದೂರು ಬೆಳೆಯುತ್ತಾ ಬೆಳೆಯುತ್ತಾ, ಸಂವಿಧಾನವನ್ನು ತಿದ್ದಲು ಸಂಸತ್ತಿಗೆ ಇರುವ ಅಧಿಕಾರಕ್ಕೆ ಮಿತಿ ಇದೆಯೇ ಎಂಬ ಪ್ರಶ್ನೆಯಾಯಿತು. ಹದಿಮೂರು ನ್ಯಾಯಮೂರ್ತಿಗಳು ಕುಳಿತು ಅರವತ್ತೆಂಟು ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳು–ಆರರ ಬಹುಮತದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ಭಾಗವನ್ನೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ.

ಈಗ ಮೊದಲ ‘ಒಂದು ವೇಳೆ’. ಇದು ನಾನು ಹುಟ್ಟಿಸಿದ್ದಲ್ಲ, ಕಾಸರಗೋಡಿನ ಕನ್ನಡಿಗರು 1956ರಿಂದಲೂ ಕೇಳುತ್ತಾ ಬಂದದ್ದು. ಆ ತಾಲ್ಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಹೋಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಬದುಕಿಡೀ ದನಿಯೆತ್ತಿದರು. 1967ರಲ್ಲಿ ವರದಿ ಕೊಟ್ಟ ಮಹಾಜನ್ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದೇ ಹೇಳಿತು. ವರದಿ ಕಪಾಟು ಸೇರಿತು. ಅಂದರೆ ಇದು ಹಗಲುಗನಸಲ್ಲ. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿಯೊಬ್ಬರು ಸಹಿ ಹಾಕಿ ಮೇಜಿನ ಮೇಲಿಟ್ಟ ಸಾಧ್ಯತೆ. ಅದನ್ನು ಆಗಲೇ ಜಾರಿ ಮಾಡಿದ್ದರೆ?

ಎಡನೀರು ಚಂದ್ರಗಿರಿಯ ಉತ್ತರಕ್ಕಿದೆ. ಮಠ ಮೈಸೂರು ರಾಜ್ಯದಲ್ಲಿರುತ್ತಿತ್ತು. ಕೇರಳದ ಕಾಯಿದೆ ಅದನ್ನು ಮುಟ್ಟುತ್ತಿರಲಿಲ್ಲ. ಅರ್ಜಿಯೂ ಇರುತ್ತಿರಲಿಲ್ಲ. ದೇಶದ ಕಾನೂನು ಕಾಲೇಜುಗಳ ಮಕ್ಕಳು ‘ಕೇಶವಾನಂದ ಭಾರತಿ ಪ್ರಕರಣ’ ಎಂಬ ಹೆಸರನ್ನೇ ಉರುಹೊಡೆಯಬೇಕಾಗುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಹಾಳೆ ತಿರುವೋಣ. ಸ್ವಾಮೀಜಿಯವರ ಅರ್ಜಿಯ ಜೊತೆಗೆ ಬೇರೆ ಅರ್ಜಿಗಳೂ ಅದೇ ಪೀಠದ ಮುಂದಿದ್ದವು. ಬ್ಯಾಂಕ್ ರಾಷ್ಟ್ರೀಕರಣ, ಹಳೆಯ ರಾಜರಿಗೆ ಕೊಡುತ್ತಿದ್ದ ರಾಜಧನದ ರದ್ದತಿ ಎರಡರಲ್ಲೂ 1970ರಲ್ಲಿ ಸರ್ಕಾರ ಕೋರ್ಟಿನಲ್ಲಿ ಸೋತಿತ್ತು. ಅದಕ್ಕೂ ಮೊದಲು, 1967ರಲ್ಲಿ, ಗೋಲಕನಾಥ್ ಪ್ರಕರಣದಲ್ಲಿ ಆರು–ಐದರ ಬಹುಮತದಿಂದ ಕೋರ್ಟು ಮೂಲಭೂತ ಹಕ್ಕುಗಳಿಗೆ ಸಂಸತ್ತು ಕೈ ಹಾಕುವಂತಿಲ್ಲ ಎಂದುಬಿಟ್ಟಿತ್ತು. 1971ರ ಚುನಾವಣೆ ಗೆದ್ದು ಬಂದ ಇಂದಿರಾ ಗಾಂಧಿಯವರ ಸರ್ಕಾರ 24ನೆಯ, 25ನೆಯ ತಿದ್ದುಪಡಿಗಳಿಂದ ತಿರುಗೇಟು ಕೊಟ್ಟಿತ್ತು. ಹಟ್ಟಿಯಲ್ಲಿ ಎರಡು ಹೋರಿಗಳು ಕೊಂಬು ಕೊಟ್ಟು ನಿಂತಾಗಿತ್ತು. ಎಡನೀರಿನ ಅರ್ಜಿ ಇಲ್ಲದಿದ್ದರೂ ಕಾಳಗ ನಡೆಯುತ್ತಿತ್ತು. ಪ್ರಕರಣದ ಹೆಸರು ಬೇರೆಯಾಗುತ್ತಿತ್ತು, ಅಷ್ಟೇ.

ಮಠದ ಭೂಮಿ? ಇತ್ತ ದೇವರಾಜ ಅರಸು ಅವರ ಭೂಸುಧಾರಣಾ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ತಾವು ಉಳುವ ಭೂಮಿ ತಮಗೇ ಸೇರಬೇಕೆಂದು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟರು, ಭೂ ನ್ಯಾಯಮಂಡಳಿಗಳು ಕುಳಿತವು. ನಮ್ಮ ಕರಾವಳಿಯಲ್ಲಿ ಅದು ಎಷ್ಟು ಆಳಕ್ಕೆ ಇಳಿಯಿತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಠ, ದೇವಸ್ಥಾನ, ಬೀಡು, ಗುತ್ತು ಯಾವುದನ್ನೂ ಅದು ಬಿಡಲಿಲ್ಲ. ಹೊಳೆಯ ಈ ದಡದಲ್ಲಿದ್ದಿದ್ದರೂ ಎಡನೀರಿನ ಗೇಣಿಭೂಮಿ ನಾಲ್ಕು ವರ್ಷ ತಡವಾಗಿ ಒಕ್ಕಲುಗಳ ಕೈಸೇರುತ್ತಿತ್ತು. ನಡೆದ ಚರಿತ್ರೆಯಲ್ಲೂ ಸ್ವಾಮೀಜಿಯವರಿಗೆ ಭೂಮಿ ಮರಳಲಿಲ್ಲ. ಕೇರಳದ ಕಾಯಿದೆಗಳಿಗೆ ರಕ್ಷಣೆ ಕೊಟ್ಟ 29ನೆಯ ತಿದ್ದುಪಡಿ ಊರ್ಜಿತವಾಯಿತು. ದೇಶಕ್ಕೆ ಗೆದ್ದ ಪ್ರಕರಣದಲ್ಲಿ ಅರ್ಜಿದಾರರು ಬರಿಗೈಯಲ್ಲಿ ಮನೆಗೆ ಬಂದರು. ಗಡಿಯ ಗೆರೆ ಅಲುಗಿದ್ದರೆ ಕಾಸರಗೋಡಿನ ಶಾಲೆಗಳ, ಕಚೇರಿಗಳ, ಮನೆಮಾತಿನ ಚರಿತ್ರೆ ಬದಲಾಗುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಂವಿಧಾನದ ಚರಿತ್ರೆ ಮಾತ್ರ ಒಂದು ಸುತ್ತು ಬಳಸಿ ಅದೇ ದಾರಿಗೆ ಬಂದು ಸೇರುತ್ತಿತ್ತು.

ಎರಡನೆಯದು, ಎಲ್ಲರೂ ಬೆರಳು ಮಾಡುವ ತಿರುವು: ಒಂದು ಮತ. ಏಳರಲ್ಲಿ ಒಬ್ಬರಾದ ಎಚ್.ಆರ್. ಖನ್ನಾ ಆಚೆ ಬದಿಗೆ ಹೋಗಿದ್ದರೆ? ಅವರ ತೀರ್ಪನ್ನು ಓದಿದರೆ ಅವರು ನಿಜಕ್ಕೂ ನಡುವೆ ನಿಂತವರು. ಮೂಲ ಸ್ವರೂಪವನ್ನು ಕೆಡಿಸಬಾರದು ಎಂದರು, ಅದೇ ಉಸಿರಿನಲ್ಲಿ ಆಸ್ತಿಯ ಹಕ್ಕು ಆ ಮೂಲ ಸ್ವರೂಪದ ಭಾಗವಲ್ಲ ಎಂದರು. ಹಾಗಾಗಿ ‘ಖನ್ನಾ ಒಬ್ಬರು ಈಚೆ ನಿಂತದ್ದರಿಂದ ಪ್ರಜಾಪ್ರಭುತ್ವ ಉಳಿಯಿತು’ ಎಂಬ ಮಾತು ಹುಟ್ಟಿಕೊಂಡಿದೆ. ನನಗೂ ಅವರ ಮೇಲೆ ಅಪಾರ ಗೌರವ. ಆದರೆ ಲೆಕ್ಕ ಏನು ಹೇಳುತ್ತದೆ?

ಸಂಸತ್ತಿಗೆ ಮಿತಿಯೇ ಇಲ್ಲ ಎಂದು ತೀರ್ಪಾಗಿದ್ದರೆ 1975ರವರೆಗೆ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಆ ವರ್ಷ ಜೂನ್ 12ರಂದು ಅಲಹಾಬಾದಿನಲ್ಲಿ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಪ್ರಧಾನಿಯ ಚುನಾವಣೆಯನ್ನು ಅಸಿಂಧುಗೊಳಿಸಿದರು. ಪ್ರಧಾನಿಯ ಚುನಾವಣೆಯನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಎಂದು 39ನೆಯ ತಿದ್ದುಪಡಿ ಬಂತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದರ ಮುಖ್ಯ ಭಾಗವನ್ನು ಮೂಲ ಸ್ವರೂಪದ ಆಧಾರದ ಮೇಲೆಯೇ ಹೊಡೆದುಹಾಕಿತು. ಆದರೆ ಚುನಾವಣಾ ಕಾನೂನನ್ನು ಸರ್ಕಾರ ಅಷ್ಟರಲ್ಲೇ ತಿದ್ದಿತ್ತು, ಆ ತಿದ್ದಿದ ಕಾನೂನಿನ ಪ್ರಕಾರ ಇಂದಿರಾ ಗಾಂಧಿಯವರು ಗೆದ್ದರು. ಅಂದರೆ ಹೊಸ ಕತ್ತಿಯನ್ನು ಮೊದಲ ಸಲ ಒರೆಯಿಂದ ಹಿರಿದಾಗ ಅದು ಕತ್ತರಿಸಿದ್ದು ಕಾಗದವನ್ನು. ಪ್ರಧಾನಿಯ ಚುನಾವಣೆಯನ್ನು ಪ್ರಶ್ನಿಸಿದ್ದ ರಾಜ್ ನಾರಾಯಣರಿಗೆ ಖನ್ನಾ ಎತ್ತ ನಿಂತಿದ್ದರೂ ಸೋಲೇ. ತುರ್ತು ಪರಿಸ್ಥಿತಿಯನ್ನು ತಡೆದದ್ದೂ ಆ ತೀರ್ಪಲ್ಲ, ಮುಗಿಸಿದ್ದೂ ಅಲ್ಲ. 1977ರಲ್ಲಿ ಚುನಾವಣೆ ಕರೆದದ್ದು ಪ್ರಧಾನಿಯೇ, ಸೋಲಿಸಿದ್ದು ಮತದಾರರು.

ಹಾಗಾದರೆ ಆ ಒಂದು ಮತ ವ್ಯರ್ಥವೇ? ಅಲ್ಲ, ಅದರ ಫಲ ತಡವಾಗಿ ಬಂತು. 1980ರಲ್ಲಿ ನಮ್ಮ ಬೆಂಗಳೂರಿನದೇ ಒಂದು ಬಟ್ಟೆ ಗಿರಣಿ, ಮಿನರ್ವ ಮಿಲ್ಸ್, ರಾಷ್ಟ್ರೀಕರಣದ ವಿರುದ್ಧ ಹಾಕಿದ್ದ ಪ್ರಕರಣದಲ್ಲಿ ತುರ್ತು ಪರಿಸ್ಥಿತಿಯಲ್ಲಿ ಸಂಸತ್ತಿನ ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದಿದ್ದ 42ನೆಯ ತಿದ್ದುಪಡಿಯ ಚೂಪು ಹಲ್ಲುಗಳು ಉದುರಿದವು. 1989ರಲ್ಲಿ ವಜಾ ಆದ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣದಲ್ಲಿ, 1994ರ ತೀರ್ಪು ಜಾತ್ಯತೀತತೆಯನ್ನು ಮೂಲ ಸ್ವರೂಪಕ್ಕೆ ಸೇರಿಸಿತು. ರಾಜ್ಯ ಸರ್ಕಾರಗಳನ್ನು ದೆಹಲಿಯಿಂದ ಕಿತ್ತೆಸೆಯುವ ಚಾಳಿಗೆ ಲಗಾಮು ಬಿತ್ತು. ಎಡನೀರು, ಮಿನರ್ವ, ಬೊಮ್ಮಾಯಿ. ಈ ದೇಶದ ಸಂವಿಧಾನದ ಪಾಠ ಹೇಳುವಾಗ ಕನ್ನಡದ ಹೆಸರುಗಳನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ ಎಂದು ನನ್ನ ಕ್ಲಾಸಿನಲ್ಲಿ ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೆ. ಇಲ್ಲಿಯೂ ಹೇಳಿಬಿಟ್ಟೆ, ಮನ್ನಿಸಿ.

ಈಗ ನನಗೆ ನಿಜವಾಗಿ ಹೇಳಬೇಕಾದದ್ದು. ತೀರ್ಪು ಬಂದ ಏಪ್ರಿಲ್ 24 ಅಲ್ಲ, ಮರುದಿನ.

ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಅದಕ್ಕೇ ಅಷ್ಟು ಅವಸರ. ವಾದ ಇನ್ನೂ ನಡೆಯುತ್ತಿರುವಾಗ ಪೀಠದ ನ್ಯಾಯಮೂರ್ತಿ ಬೇಗ್ ಆಸ್ಪತ್ರೆ ಸೇರಿದ್ದರು. ಅವರ ಕಾಯಿಲೆ ಇನ್ನೊಂದು ತಿಂಗಳು ಎಳೆದು ಎಲ್ಲರೂ ಕಾಯುತ್ತಾ ಕುಳಿತಿದ್ದರೆ ತೀರ್ಪಿಗಿಂತ ಮೊದಲೇ ಸಿಕ್ರಿ ಮನೆಗೆ ಹೋಗುತ್ತಿದ್ದರು, ಅರವತ್ತೆಂಟು ದಿನದ ವಾದ ನೀರುಪಾಲಾಗುತ್ತಿತ್ತು. ಅದಿರಲಿ. ಸಿಕ್ರಿಯವರ ನಂತರ ಜ್ಯೇಷ್ಠತೆಯ ಪ್ರಕಾರ ಜೆ.ಎಂ. ಶೇಲಟ್, ಅವರ ನಂತರ ಕೆ.ಎಸ್. ಹೆಗ್ಡೆ, ಅವರ ನಂತರ ಎ.ಎನ್. ಗ್ರೋವರ್. ಮೂವರೂ ಬಹುಮತದ ಏಳರಲ್ಲಿದ್ದವರು. ಸರ್ಕಾರ ಮೂವರನ್ನೂ ದಾಟಿ, ಅಲ್ಪಮತದಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು.

ಹೆಗ್ಡೆಯವರು ಯಾರೆಂದು ಇಲ್ಲಿ ಕೇಳಬೇಕಾಗಿಲ್ಲ. ಕಾರ್ಕಳ ತಾಲ್ಲೂಕಿನ ಕೌಡೂರಿನವರು, ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಸುಪ್ರೀಂ ಕೋರ್ಟಿಗೆ ಹೋದವರು. ನಿಟ್ಟೆಯ ಕಾಲೇಜುಗಳ ಹಿಂದಿರುವುದೂ ಅವರದೇ ಹೆಸರು.

ಸೇವೆಯಲ್ಲಿ ಎಲ್ಲರಿಗಿಂತ ಹಿರಿಯರನ್ನೇ ಮುಖ್ಯ ನ್ಯಾಯಮೂರ್ತಿ ಮಾಡುವ ಹಳೆಯ ರೂಢಿಯನ್ನು ಆ ದಿನವೂ ಪಾಲಿಸಿದ್ದರೆ? ಇದಕ್ಕೆ ಊಹೆಯೂ ಬೇಡ. ಒಂದು ಕಾಗದ, ಪೆನ್ನು, ಮತ್ತು ನ್ಯಾಯಮೂರ್ತಿಗಳ ಹುಟ್ಟಿದ ವರ್ಷ ಸಾಕು. ಶೇಲಟ್ ಹುಟ್ಟಿದ್ದು 1908ರ ಜುಲೈ. ಸುಪ್ರೀಂ ಕೋರ್ಟಿನವರು ನಿವೃತ್ತರಾಗುವ ಅರವತ್ತೈದು ಅವರಿಗೆ ತುಂಬುವುದು 1973ರ ಜುಲೈ, ಮೂರು ತಿಂಗಳ ಅಧಿಕಾರ. ಹೆಗ್ಡೆ 1909ರ ಜೂನ್. 1974ರ ಜೂನ್‌ವರೆಗೆ, ಹನ್ನೊಂದು ತಿಂಗಳು. ಕನ್ನಡನಾಡಿನಿಂದ ಮೊದಲ ಮುಖ್ಯ ನ್ಯಾಯಮೂರ್ತಿ ಬಂದದ್ದು 1989ರಲ್ಲಿ, ಮಂಡ್ಯ ಸೀಮೆಯ ಇ.ಎಸ್. ವೆಂಕಟರಾಮಯ್ಯನವರು. ಹೆಗ್ಡೆಯವರು ಹದಿನಾರು ವರ್ಷ ಮೊದಲೇ ಆ ಪೀಠದಲ್ಲಿರುತ್ತಿದ್ದರು. ನಂತರ ಗ್ರೋವರ್. ಅವರು ಹುಟ್ಟಿದ್ದು 1912ರ ಫೆಬ್ರವರಿ, ನಿವೃತ್ತಿ 1977ರ ಫೆಬ್ರವರಿ. ರೇ ಹುಟ್ಟಿದ್ದು 1912ರ ಜನವರಿ. ಗಮನಿಸಿ, ಗ್ರೋವರ್‌ಗಿಂತ ವಯಸ್ಸಿನಲ್ಲಿ ಎರಡು ವಾರದಷ್ಟು ದೊಡ್ಡವರು. ಹಾಗಾಗಿ ರೂಢಿ ಉಳಿದಿದ್ದರೆ ಗ್ರೋವರ್ ಇಳಿಯುವ ಮೊದಲೇ ರೇ ನಿವೃತ್ತರಾಗುತ್ತಿದ್ದರು, ಮುಖ್ಯ ನ್ಯಾಯಮೂರ್ತಿ ಎಂದೂ ಆಗುತ್ತಿರಲಿಲ್ಲ. ತುರ್ತು ಪರಿಸ್ಥಿತಿಯ ಬಹುಕಾಲ ಸುಪ್ರೀಂ ಕೋರ್ಟಿನ ಚುಕ್ಕಾಣಿ ಗ್ರೋವರ್ ಕೈಯಲ್ಲಿರುತ್ತಿತ್ತು. ಅವರ ನಂತರ 1977ರ ಫೆಬ್ರವರಿಯಲ್ಲಿ ಖನ್ನಾ.

ಹುಟ್ಟಿದ ತಾರೀಕಿನ ಎರಡು ವಾರದ ಅಂತರ ಇಷ್ಟು ದೂರ ಚಾಚುತ್ತದೆ ಎಂದು ಮೊದಲ ಸಲ ಲೆಕ್ಕ ಹಾಕಿದ ದಿನ ನಾನು ರಾತ್ರಿ ಊಟ ಮರೆತಿದ್ದೆ.

ಗ್ರೋವರ್ ಇದ್ದಿದ್ದರೆ ಖಂಡಿತ ಆಗುತ್ತಿರಲಿಲ್ಲ ಎನ್ನಬಹುದಾದ ಒಂದು ಸಂಗತಿಯಿದೆ. 1975ರ ನವೆಂಬರಿನಲ್ಲಿ ರೇ ಅವರು ಕೇಶವಾನಂದ ತೀರ್ಪನ್ನೇ ಮರುಪರಿಶೀಲಿಸಲು ಮತ್ತೊಂದು ಹದಿಮೂರರ ಪೀಠ ಕೂಡಿಸಿದರು. ಪತ್ರಿಕೆಗಳ ಬಾಯಿ ಕಟ್ಟಿತ್ತು, ವಿರೋಧಿಗಳು ಜೈಲಿನಲ್ಲಿದ್ದರು. ಎರಡು ದಿನ ವಕೀಲ ನಾನಿ ಪಾಲ್ಖಿವಾಲಾ ತೀರ್ಪಿನ ಪರವಾಗಿ ವಾದಿಸಿದರು. ಮರುಪರಿಶೀಲನೆ ಕೇಳಿದ್ದು ಯಾರು ಎಂಬ ಸರಳ ಪ್ರಶ್ನೆಗೆ ನೆಟ್ಟಗಿನ ಉತ್ತರ ಸಿಗಲಿಲ್ಲ. ಮೂರನೆಯ ದಿನ ರೇ ಪೀಠವನ್ನು ವಿಸರ್ಜಿಸಿದರು. ಪರ್ಯಾಯ ಚರಿತ್ರೆಯನ್ನು ನಾವು ನೀವು ಊಹಿಸುತ್ತೇವೆ, ಅವರು ಅದನ್ನು ಮಾಡಿಯೇ ನೋಡಲು ಹೊರಟಿದ್ದರು.

ಇನ್ನು ಎಲ್ಲರ ಬಾಯಲ್ಲಿರುವ ಎಡಿಎಂ ಜಬಲ್ಪುರ ಪ್ರಕರಣ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕಿದೆಯೇ ಎಂಬ ಪ್ರಶ್ನೆ. ಹಲವು ಹೈಕೋರ್ಟುಗಳು ಇದೆ ಎಂದಿದ್ದವು. ನಮ್ಮ ಹೈಕೋರ್ಟೂ ಅವುಗಳಲ್ಲಿ ಒಂದು. ಬೆಂಗಳೂರಿನಲ್ಲಿ ಬಂಧಿತರಾದ ಅಡ್ವಾಣಿ ಮತ್ತಿತರರ ಅರ್ಜಿ ಇಲ್ಲಿಯೇ ಬಂದಿತ್ತು. ಆ ಕಾಲದಲ್ಲಿ ಇದೇ ಹೈಕೋರ್ಟಿನ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ಸದಾನಂದಸ್ವಾಮಿ ಗುವಾಹಟಿಗೂ ವರ್ಗವಾದರು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು–ಒಂದರಿಂದ ಹಕ್ಕಿಲ್ಲ ಎಂದಿತು. ರೇ, ಬೇಗ್, ಚಂದ್ರಚೂಡ್, ಭಗವತಿ ಒಂದು ಕಡೆ. ಖನ್ನಾ ಒಬ್ಬರೇ ಇನ್ನೊಂದು ಕಡೆ. ಅದಕ್ಕೆ ಬೆಲೆಯಾಗಿ 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರ ಕೈತಪ್ಪಿತು.

ಗ್ರೋವರ್ ಮುಖ್ಯ ನ್ಯಾಯಮೂರ್ತಿಯಾಗಿದ್ದರೆ ಈ ತೀರ್ಪು ಬರುತ್ತಲೇ ಇರಲಿಲ್ಲ ಎಂದು ನಾನು ವರ್ಷಗಟ್ಟಲೆ ಪಾಠದಲ್ಲಿ ಹೇಳುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಎಣಿಸಿ ನೋಡಿದ್ದೀರಾ?’ ಎಂದಳು. ಎಣಿಸಿರಲಿಲ್ಲ. ಕರಿಹಲಗೆಯ ಮೇಲೆ ಎಣಿಸಿದೆವು. ಹಿರಿಯ ಐವರ ಪೀಠ ಎಂದೇ ಇಟ್ಟುಕೊಳ್ಳಿ. ಗ್ರೋವರ್ ಒಳಗೆ ಬಂದರೆ, ಅವರೆಲ್ಲರಿಗಿಂತ ಕಿರಿಯರಾದ, 1973ರ ಜುಲೈಯಲ್ಲಿ ಬಂದ ಭಗವತಿ ಹೊರಗೆ. ಉಳಿದವರು ಗ್ರೋವರ್, ರೇ, ಖನ್ನಾ, ಬೇಗ್, ಚಂದ್ರಚೂಡ್. ಗ್ರೋವರ್ ಖನ್ನಾರ ಜೊತೆ ನಿಂತರು ಎನ್ನಿ. ಆಗಲೂ ಮೂರು–ಎರಡು. ಬಂಧಿತರು ಆಗಲೂ ಸೋಲುತ್ತಾರೆ!

ಕ್ಲಾಸು ಒಂದು ಕ್ಷಣ ತಣ್ಣಗಾಯಿತು. ಆಮೇಲೆ ಗದ್ದಲ. ಮುಖ್ಯ ನ್ಯಾಯಮೂರ್ತಿಯೇ ಬಂಧಿತರ ಪರ ನಿಂತರೆ ಉಳಿದವರಲ್ಲಿ ಒಬ್ಬರಾದರೂ ವಾಲುತ್ತಿರಲಿಲ್ಲವೇ? ಭಡ್ತಿ ತಪ್ಪೀತು ಎಂಬ ಭಯವೇ 1973ರಲ್ಲಿ ಹುಟ್ಟಿದ್ದಲ್ಲವೇ, ಅದು ಹುಟ್ಟದಿದ್ದರೆ ಚಂದ್ರಚೂಡರು ಬೇರೆ ರೀತಿ ಬರೆಯುತ್ತಿರಲಿಲ್ಲವೇ? ಇರಬಹುದು. ಆದರೆ ಇಲ್ಲಿಂದ ಮುಂದೆ ಲೆಕ್ಕವಿಲ್ಲ, ಮನುಷ್ಯರ ಮನಸ್ಸು ಮಾತ್ರ ಇದೆ. ನಾನು ಸೀಮೆಸುಣ್ಣ ಕೆಳಗಿಟ್ಟೆ. 2017ರಲ್ಲಿ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಖಾಸಗಿತನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜಬಲ್ಪುರ ತೀರ್ಪನ್ನು ಅಳಿಸಿಹಾಕಿತು. ಹಾಗೆ ಬರೆದವರು ಆ ಚಂದ್ರಚೂಡರ ಮಗ.

ಹೆಗ್ಡೆಯವರನ್ನು ಅರ್ಧದಾರಿಯಲ್ಲಿ ಬಿಟ್ಟೆ. ರಾಜೀನಾಮೆ ಕೊಡದಿದ್ದರೆ ಅವರು 1974ರಲ್ಲಿ ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತಿದ್ದರು. ರಾಜೀನಾಮೆ ಕೊಟ್ಟದ್ದರಿಂದ ರಾಜಕೀಯಕ್ಕೆ ಮರಳಿದರು, 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದರು, ಲೋಕಸಭೆಯ ಸ್ಪೀಕರ್ ಆದರು. ಅವರು ಸ್ಪೀಕರ್ ಆಗಿದ್ದ ಅದೇ ಸದನ 44ನೆಯ ತಿದ್ದುಪಡಿಯನ್ನು ಒಪ್ಪಿತು. ತುರ್ತು ಪರಿಸ್ಥಿತಿಯಲ್ಲೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ ಎಂದಿತು. ಅದೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದುಹಾಕಿತು. ಯಾವ ಹಕ್ಕನ್ನು ಹಿಡಿದುಕೊಂಡು ಎಡನೀರಿನ ಸ್ವಾಮೀಜಿ ದೆಹಲಿಯ ಬಾಗಿಲು ತಟ್ಟಿದ್ದರೋ, ಆ ಹಕ್ಕು ಪಕ್ಕದೂರಿನ ಹೆಗ್ಡೆಯವರು ಪೀಠದಲ್ಲಿದ್ದ ಸದನದಲ್ಲಿ ಮಣ್ಣಾಯಿತು. ಇಂಥದ್ದನ್ನು ನಾನು ಕಟ್ಟಿ ಹೇಳಿದ್ದರೆ ನೀವು ನಂಬುತ್ತಿರಲಿಲ್ಲ.

ತಂತ್ರಜ್ಞಾನದ ಬಗ್ಗೆಯೂ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿದ್ದಾರೆ. ನಾಲ್ಕೇ ಹೇಳುತ್ತೇನೆ, ನನ್ನ ಕ್ಷೇತ್ರವಲ್ಲ. ಆದರೆ ದಿನವೂ ಕನ್ನಡ ಟೈಪ್ ಮಾಡುವವನು ನಾನು.

ನಿಮ್ಮ ಮೊಬೈಲ್ ತೆಗೆದು ‘ಸೂರ್ಯ’ ಎಂದು ಬರೆಯಿರಿ. ಅರ್ಕಾವತ್ತು ತಾನಾಗಿ ಬಂದು ಕೂರುತ್ತದೆ. ಈಗ ‘ರ‍್ಯಾಂಕ್’ ಎಂದು ಬರೆಯಿರಿ. ಹೆಚ್ಚಿನವರಿಗೆ ‘ರ್ಯಾಂಕ್’ ಬಂದಿರುತ್ತದೆ. ರ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ಯ ಮೂರನ್ನೂ ಇದೇ ಕ್ರಮದಲ್ಲಿ ಕೊಟ್ಟರೆ ಅರ್ಕಾವತ್ತೇ ಬರಬೇಕು ಎಂಬುದು ಯೂನಿಕೋಡಿನ, ಅಂದರೆ ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ಮಾನಕದ, ನಿಯಮ. ಬೇಡವೆಂದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ತುರುಕಬೇಕು. ಅದನ್ನು ವಿರಾಮಕ್ಕೆ ಮೊದಲು ಇಡುವವರಿದ್ದಾರೆ, ಆಮೇಲೆ ಇಡುವವರೂ ಇದ್ದಾರೆ. ಹಾಗಾಗಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ರ‍್ಯಾಂಕ್’ ಯಂತ್ರಕ್ಕೆ ಬೇರೆ ಬೇರೆ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಹಳೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ಅರ್ಕಾವತ್ತಿಗೆ ತನ್ನದೇ ಕೀಲಿ ಇತ್ತು. ಯೂನಿಕೋಡಿನಲ್ಲೂ ಅದಕ್ಕೆ ತನ್ನದೇ ಸಂಕೇತ ಕೊಡಬಹುದಿತ್ತು. ಮಲಯಾಳದ ಚಿಲ್ಲಕ್ಷರಗಳಿಗೆ, ಅಂದರೆ ಸ್ವರವಿಲ್ಲದ ವ್ಯಂಜನಗಳಿಗೆ, 2008ರಲ್ಲಿ ಹಾಗೆ ಕೊಟ್ಟರು. ಆದರೆ ಭಾರತದ ಲಿಪಿಗಳನ್ನೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಇಸ್ಕಿ ಎಂಬ ನಮ್ಮದೇ ಮಾನಕವನ್ನು ಯೂನಿಕೋಡ್ ಎತ್ತಿಕೊಂಡಿತು. ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದರೆ ಮುಗಿದೇ ಹೋಯಿತು. ಒಮ್ಮೆ ಕೊಟ್ಟ ಸಂಕೇತವನ್ನೂ ಹೆಸರನ್ನೂ ಎಂದೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ಪ್ರತಿಜ್ಞೆ. ಹಳಗನ್ನಡದ ೞ ಅಕ್ಷರವನ್ನು ನೋಡಿ. ಮೞ್ಗಿದ, ಮೞೆಯ, ಪೊೞಲಿನ ೞ, ಮುಂದೆ ಳ ಮತ್ತು ರಗಳಲ್ಲಿ ಕರಗಿಹೋದದ್ದು. ಯೂನಿಕೋಡ್ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’, ಅಂದರೆ ಕಾಫಿಯ ಫ! ಯಾರೋ ತಪ್ಪು ತಿಳಿದು ಬರೆದರು. ಹಳಗನ್ನಡ ಪಾಠ ಹೇಳುವ ಒಬ್ಬ ಮೇಷ್ಟರು ಆ ಹಾಳೆಯ ಮೇಲೆ ಎರಡು ನಿಮಿಷ ಕಣ್ಣಾಡಿಸಿದ್ದರೆ ಸಾಕಿತ್ತು. ಈಗ ತಪ್ಪೆಂದು ಎಲ್ಲರಿಗೂ ಗೊತ್ತು, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಬರೆದಿಟ್ಟಿದ್ದಾರೆ, ಮೂಲ ಹೆಸರನ್ನು ಮಾತ್ರ ಮುಟ್ಟುವಂತಿಲ್ಲ. ಸಂಸತ್ತು ಮುಟ್ಟಬಾರದ ಮೂಲ ಸ್ವರೂಪ ಯಾವುದೆಂದು ಹೇಳಲು ಹದಿಮೂರು ನ್ಯಾಯಮೂರ್ತಿಗಳು ಹನ್ನೊಂದು ಪ್ರತ್ಯೇಕ ತೀರ್ಪು ಬರೆಯಬೇಕಾಯಿತು. ಇಲ್ಲಿ ಒಂದು ಕೈತಪ್ಪು ಯಾವ ವಾದವೂ ಇಲ್ಲದೆ ಆ ಪಟ್ಟ ಏರಿ ಕುಳಿತಿದೆ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ. ‘ಮಾಷ್ಟ್ರೇ, ನನ್ನ ಅಪ್ಪ ನಮೂನೆ 7 ಕೊಟ್ಟವರು. ಅದರ ರಸೀದಿ ಈಗಲೂ ಮನೆಯ ಪೆಟ್ಟಿಗೆಯಲ್ಲಿದೆ. ನೀವು ಹೇಳಿದ ಇಷ್ಟೆಲ್ಲ ಚರಿತ್ರೆಗಳಲ್ಲಿ ಯಾವುದರಲ್ಲಿ ನಮಗೆ ಗದ್ದೆ ಸಿಗುತ್ತಿರಲಿಲ್ಲ?’ ಎಂದು ಕೇಳಿದರು.

ನಾನು ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಒಂದೇ ಒಂದು ಚರಿತ್ರೆ ಇದೆ, ಎಂದೆ. ಆ ಹದಿಮೂವರು ಮೂಲ ಸ್ವರೂಪದ ನಡುದಾರಿ ಹಿಡಿಯದೆ ಹಳೆಯ ಗೋಲಕನಾಥ್ ತೀರ್ಪನ್ನೇ ಗಟ್ಟಿ ಮಾಡಿದ್ದರೆ. ಆಗ ಅರಸು ಅವರ ಕಾಯಿದೆಗೆ, ಕಾಯಿದೆಗಳನ್ನು ಕೋರ್ಟಿನಿಂದ ಕಾಪಾಡಲು ಸಂವಿಧಾನದಲ್ಲಿಟ್ಟ ಒಂಬತ್ತನೆಯ ಅನುಸೂಚಿಯ ಕೊಡೆ ಸಿಗುತ್ತಿರಲಿಲ್ಲ. ಆದರೂ ಸಂವಿಧಾನದ 31ಎ ವಿಧಿ ಇತ್ತು, ಭೂಸುಧಾರಣೆಗೆಂದೇ ಮೊದಲೇ ಇಟ್ಟ ರಕ್ಷಣೆ. ಹಾಗಾಗಿ ಗದ್ದೆ ಕೊನೆಗೆ ಸಿಗುತ್ತಿತ್ತು ಎಂದೇ ನನ್ನ ಎಣಿಕೆ. ಆದರೆ ಒಡೆಯರು ಒಂದೊಂದು ಸರ್ವೆ ನಂಬರಿಗೂ ತಡೆಯಾಜ್ಞೆ ತರುತ್ತಿದ್ದರು. ಹತ್ತು ವರ್ಷ ಕೋರ್ಟಿನಲ್ಲಿ ಹೋಗುತ್ತಿತ್ತು, ಅಷ್ಟೇ.

‘ಅಷ್ಟೇ’ ಎಂದೆನಲ್ಲ, ಅವರು ಅದನ್ನು ಹಿಡಿದುಕೊಂಡರು. ‘ನಮಗೆ ನ್ಯಾಯಮಂಡಳಿಯ ಆದೇಶ ಬಂದದ್ದು 1977ರ ಮಳೆಗಾಲದಲ್ಲಿ’ ಎಂದರು. ‘ಅಪ್ಪ ಎರಡು ಬೆಳೆ ಕೊಯ್ದರು, ಗೇಣಿ ಅಳೆಯದೆ. ತೀರಿಹೋದದ್ದು 1979ರಲ್ಲಿ.’ ಕೊಡೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಕುಳಿತರು.